ಯುದ್ಧದಲ್ಲಿ ಜನಸಾಮಾನ್ಯರು ಸತ್ರೆ ಅದು ಯಾರ ಲೆಕ್ಕಕ್ಕೆ?

2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ನಡೀತಿದ್ದ ವಾರ ನಾನು ಪಾಂಡವಪುರದ ಹತ್ರ ಸೋದರಮಾವನ ಊರಲ್ಲಿದ್ದೆ. ರಾತ್ರಿ ಊಟ ಆದ್ಮೇಲೆ ಬೀದಿಯ ಐದಾರು ಜನ ಮಾವನ ಮನೆ ಟಿವಿ ಮುಂದೆ ಸೇರೋರು. ಅವತ್ತು ಪೂಂಛ್‌ನಲ್ಲಿ ಪಾಕಿಸ್ತಾನದ ಕಡೆಯಿಂದ ಶೆಲ್ ಬಿದ್ದು ಊರಿನ ಜನ ಸತ್ತಿದ್ದು ತೋರಿಸ್ತಿದ್ರು, ಮಾವನ ಮಗ ಪಕ್ಕದಲ್ಲೇ ಕೂತು ಫೋನಲ್ಲಿ ಗಾಜಾದ ಯಾವ್ದೋ ವಿಡಿಯೋ ನೋಡ್ತಿದ್ದ. ಬಾಗಿಲಲ್ಲಿ ಕೂತು ಎಲೆ ಅಡಿಕೆ ಕುಟ್ತಿದ್ದ ಅಜ್ಜಿ, "ಅಲ್ಲ ಕಣ್ ಮಗ, ಆ ಕೂಸುಗಳು ಸತ್ವಲ್ಲ, ಅದು ಯಾರ್ ಲೆಕ್ಕುಕ್ಕೆ ಸೇರ್ತದೆ?" ಅಂದ್ಲು.

ಮೂರು ಉತ್ತರ ಬಂತು. "ಮೊದ್ಲು ಕೆಣಕ್ದೋರ್ ಲೆಕ್ಕುಕ್ಕೆ" ಅಂದ ಒಬ್ಬ. "ಬಾಂಬ್ ಹಾಕ್ದೋನ್ ಲೆಕ್ಕುಕ್ಕೆ" ಅಂದ ಇನ್ನೊಬ್ಬ. ಮಾವ ಮಾತ್ರ, "ಯುದ್ಧ ಅಂದ್ಮೇಲೆ ಇವೆಲ್ಲ ಇದ್ದಿದ್ದೆ, ಯಾರ್ ಲೆಕ್ಕುಕ್ಕೂ ಇಲ್ಲ, ಸುಮ್ಕಿರಿ" ಅಂದು ಚಾನೆಲ್ ಬದಲಾಯಿಸಿದ್ರು. ನಾನು ಮೈಸೂರಲ್ಲಿ ಲಾ ಓದಿದೋನು, ನನಗೂ ಆ ಕ್ಷಣಕ್ಕೆ ನೆಟ್ಟಗೆ ಹೇಳಕ್ಕಾಗ್ಲಿಲ್ಲ. ಆಮೇಲೆ ಕೂತು ಓದಿದಾಗ ಗೊತ್ತಾಗಿದ್ದು, ದೊಡ್ಡ ದೊಡ್ಡ ಕೋರ್ಟುಗಳು, ಪಂಡಿತರು ನೂರಾರು ವರ್ಷದಿಂದ ಜಗಳ ಆಡ್ತಿರೋದು ಈ ಮೂರು ಉತ್ತರದ ಸುತ್ತಾನೇ ಅಂತ.

ಇದು ನಮಗೆ ದೂರದ ವಿಷಯಾನೂ ಅಲ್ಲ. 2022ರ ಮಾರ್ಚ್ 1ಕ್ಕೆ ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸತ್ತಿದ್ದು ನಮ್ಮ ಹಾವೇರಿ ಜಿಲ್ಲೆಯ ಒಬ್ಬ ಮೆಡಿಕಲ್ ಓದೋ ಹುಡುಗ. ಬಂಕರ್‌ನಿಂದ ಊಟದ ಸಾಮಾನು ತರೋಕೆ ಅಂತ ಹೊರಗೆ ಬಂದಿದ್ದ, ಅಷ್ಟೇ. ಅವನ ಸಾವು ಯಾರ ಲೆಕ್ಕಕ್ಕೆ ಅನ್ನೋದು ಮನಸ್ಸಲ್ಲಿಟ್ಕೊಂಡು ಓದಿ, ಕೊನೆಗೆ ಅಲ್ಲಿಗೇ ಬರ್ತೀನಿ.

ಸಿವಿಲಿಯನ್ ಅಂದ್ರೆ ಯಾರು?

ಸುಲಭವಾಗಿ ಹೇಳೋದಾದ್ರೆ ಸೈನ್ಯಕ್ಕೆ ಸೇರದೇ ಇರೋರು, ಕಾದಾಟದಲ್ಲಿ ನೇರವಾಗಿ ಕೈ ಹಾಕದೇ ಇರೋರು. ಇದರಲ್ಲಿ 'ನೇರವಾಗಿ' ಅನ್ನೋ ಪದ ತುಂಬಾ ಮುಖ್ಯ. ಸೈನ್ಯಕ್ಕೆ ಅಕ್ಕಿ ಮಾರೋ ರೈತ ಸಿವಿಲಿಯನ್ನೇ, ಸೈನಿಕನ ಹೆಂಡತಿ ಸಿವಿಲಿಯನ್ನೇ, ಯುದ್ಧ ಬೇಕು ಅಂತ ಓಟು ಹಾಕಿದೋನೂ ಸಿವಿಲಿಯನ್ನೇ. ಬಂದೂಕು ಎತ್ಕೊಂಡು ಗುಂಡು ಹೊಡೀತಿರೋ ಊರಿನೋನು ಹೊಡೀತಿರೋ ಅಷ್ಟು ಹೊತ್ತು ಆ ರಕ್ಷಣೆ ಕಳ್ಕೊತಾನೆ. ಮದ್ದುಗುಂಡಿನ ಫ್ಯಾಕ್ಟರಿ ಮೇಲೆ ದಾಳಿ ಮಾಡಬಹುದು, ಆದ್ರೆ ಅಲ್ಲಿ ಕೆಲಸ ಮಾಡೋನು ಶಿಫ್ಟ್ ಮುಗಿಸಿ ಮನೇಲಿ ಮಲಗಿದ್ದಾಗ ಅವನನ್ನ ಹುಡುಕ್ಕೊಂಡು ಹೋಗಿ ಕೊಲ್ಲೋಹಾಗಿಲ್ಲ. ಸಿವಿಲಿಯನ್ನೋ ಅಲ್ವೋ ಅಂತ ಅನುಮಾನ ಇದ್ರೆ ಸಿವಿಲಿಯನ್ ಅಂತಾನೇ ತಿಳ್ಕೋಬೇಕು, ಇದೂ ನಿಯಮ.

ಸೈನಿಕನಿಗೂ ಇವರಿಗೂ ಯಾಕೆ ಈ ಭೇದ ಅಂದ್ರೆ, ಸೈನಿಕ ಎದುರಿನೋನನ್ನ ಕೊಲ್ಲೋ ಸ್ಥಿತೀಲಿರ್ತಾನೆ, ಅದಕ್ಕೆ ಅವನ ಮೇಲೂ ಕೈ ಮಾಡಬಹುದು. ಸುಮ್ನೆ ಮನೇಲಿರೋನು ಯಾರಿಗೂ ಆ ಅಪಾಯ ಒಡ್ಡಿಲ್ಲ. ಇದು ವಿದೇಶದಿಂದ ಬಂದ ವಿಚಾರ ಅಂತ ಕೆಲವರು ಅನ್ಕೊತಾರೆ, ಅಲ್ಲ. ಚಂದ್ರಗುಪ್ತ ಮೌರ್ಯನ ಕಾಲದಲ್ಲಿ ಇಲ್ಲಿಗೆ ಬಂದಿದ್ದ ಗ್ರೀಕ್ ರಾಯಭಾರಿ ಮೆಗಸ್ತನೀಸ್, ಪಕ್ಕದಲ್ಲೇ ಯುದ್ಧ ನಡೀತಿದ್ರೂ ಉಳೋ ರೈತನ್ನ ಯಾರೂ ಮುಟ್ಟಲ್ಲ ಅಂತ ಆಶ್ಚರ್ಯಪಟ್ಟು ಬರೆದಿದ್ದಾನೆ. ಎಲ್ಲಾ ಯುದ್ಧದಲ್ಲೂ ಹಂಗೇ ನಡ್ಕೊಂಡ್ರು ಅಂತಲ್ಲ. ಆದ್ರೆ ಮುಟ್ಟಬಾರದು ಅನ್ನೋ ತಿಳುವಳಿಕೆ ಇತ್ತು. ಮಹಾಭಾರತದಲ್ಲಿ ಅಶ್ವತ್ಥಾಮ ರಾತ್ರಿ ಪಾಳೆಯಕ್ಕೆ ನುಗ್ಗಿ ಮಲಗಿದ್ದೋರನ್ನ ಕೊಂದ, ಅವರಲ್ಲಿ ಎಷ್ಟೋ ಜನ ಯೋಧರೇ, ಆದ್ರೂ ಇವತ್ತಿಗೂ ನಮ್ಮ ಹಳ್ಳಿ ಕಡೆ ಆ ಕಥೆ ಹೇಳೋರು ಅದನ್ನ ಶೌರ್ಯ ಅನ್ನಲ್ಲ.

ಕಾರಣ ಬೇರೆ, ಹೊಣೆ ಬೇರೆ

ಸಿಡಿಲು ಬಡಿದು ಹಸು ಸತ್ರೆ ಸಾವಿಗೆ ಕಾರಣ ಇದೆ, ಹೊಣೆ ಯಾರೂ ಇಲ್ಲ. ಹೊಣೆ ಅನ್ನೋ ಮಾತು ಬರ್ಬೇಕಾದ್ರೆ ಒಬ್ಬ ಮನುಷ್ಯ ಬೇಕು, ಅವನಿಗೆ ಏನಾಗಬಹುದು ಅಂತ ಗೊತ್ತಿರ್ಬೇಕು ಇಲ್ಲಾ ಗೊತ್ತಾಗೋ ಹಾಗಿರ್ಬೇಕು, ಬೇರೆ ದಾರಿ ಹಿಡಿಯೋಕೆ ಅವಕಾಶ ಇರ್ಬೇಕು.

2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ರ ಬಸ್ಸು ವಿಸಿ ನಾಲೆಗೆ ಬಿದ್ದು 30 ಜನ ಸತ್ರು. ಮಂಡ್ಯದ ಕಡೆಯೋರು ಯಾರೂ ಮರೆತಿಲ್ಲ ಅದನ್ನ. ಆಗ ಟೀ ಅಂಗಡೀಲಿ, ಸಾವಿನ ಮನೇಲಿ ಎಲ್ಲಾ ಕಡೆ ಒಂದೇ ಮಾತು, ತಪ್ಪು ಡ್ರೈವರ್‌ದಾ, ಬಸ್ಸಿನ ಮಾಲೀಕರದಾ, ಹಳೇ ಗಾಡಿ ರಸ್ತೇಲಿ ಓಡಿಸಬಹುದು ಅಂತ ಎಫ್‌ಸಿ ಕೊಟ್ಟೋರದಾ, ನಾಲೆಗೆ ತಡೆಗೋಡೆ ಕಟ್ಟದೆ ಬಿಟ್ಟೋರದಾ. ಗಮನಿಸಿ, ಯಾರೂ 'ಬಸ್ಸು ಅಂದ್ಮೇಲೆ ಇದ್ದಿದ್ದೆ' ಅನ್ಲಿಲ್ಲ. ಒಬ್ಬನೇ ಒಬ್ಬನ ಮೇಲೆ ಹಾಕಿ ಕೈ ತೊಳ್ಕೊಳ್ಳೋಕೂ ಜನ ಒಪ್ಲಿಲ್ಲ. ಯುದ್ಧದ ಸಾವನ್ನೂ ಹೀಗೇ ಪದರ ಪದರ ಬಿಡಿಸಿ ನೋಡ್ಬೇಕು, ಒಂದೊಂದು ಪದರದಲ್ಲೂ ಯಾರಿಗೆ ಏನು ಗೊತ್ತಿತ್ತು, ಯಾರ ಕೈಲಿ ಏನಿತ್ತು ಅಂತ ಕೇಳ್ಬೇಕು.

ಬೇಕು ಅಂತ, ಗೊತ್ತಿದ್ದೂ, ಗಮನ ಇಲ್ಲದೆ

ಸಿವಿಲಿಯನ್ ಸಾವು ಅಂದ್ರೆ ಎಲ್ಲಾ ಒಂದೇ ಥರ ಅಲ್ಲ. 2025ರ ಏಪ್ರಿಲ್ 22ಕ್ಕೆ ಪಹಲ್ಗಾಮ್‌ನಲ್ಲಿ 26 ಜನರನ್ನ ಕೊಂದೋರು ಅವರನ್ನ ಕೊಲ್ಲೋಕೆ ಅಂತಾನೇ ಬಂದಿದ್ರು. ಅಲ್ಲಿ ಸಾವೇ ಗುರಿ. ಅದಕ್ಕೆ ಲೆಕ್ಕ ಹುಡುಕೋಕೆ ಕಷ್ಟ ಇಲ್ಲ, ಅದು ಕೊಲೆ. ಕಷ್ಟ ಬರೋದು 'ನಾವು ಗುರಿ ಇಟ್ಟಿದ್ದು ಬೇರೆ, ಇವರು ಮಧ್ಯ ಸತ್ರು' ಅಂದಾಗ.

ಇದನ್ನ ಅರ್ಥ ಮಾಡ್ಕೊಳ್ಳೋಕೆ ನನಗೆ ಸಹಾಯ ಆಗಿದ್ದು ಒಂದು ಬೇಲಿ. ಕೆಲವು ವರ್ಷದ ಹಿಂದೆ ಮಾವನ ಪಕ್ಕದ ಊರಲ್ಲಿ ಒಬ್ಬರು ಹಂದಿ ಕಾಟ ತಡೀಲಾರದೆ ಕಬ್ಬಿನ ಗದ್ದೆ ಸುತ್ತ ತಂತಿ ಎಳೆದು ಕರೆಂಟು ಕೊಟ್ಟಿದ್ರು. ಮೊಣಕಾಲಿನಷ್ಟು ಎತ್ತರಕ್ಕೆ ಬಿದಿರು ಗೂಟ, ಅದಕ್ಕೆ ಸುತ್ತಿದ ಸಣ್ಣ ವೈರು, ಹಗಲಲ್ಲೇ ಕಣ್ಣಿಗೆ ಕಾಣಲ್ಲ ಅಂಥದ್ದು. ನಮ್ಮ ಕಡೆ ಪಂಪ್‌ಸೆಟ್‌ಗೆ ಎಷ್ಟೋ ಸಲ ಕರೆಂಟು ಬರೋದೇ ರಾತ್ರಿ. ಮೇಲಿನ ಗದ್ದೆಯೋರು ನೀರು ಕಟ್ಟೋಕೆ ಅಂತ ಎರಡು ಗಂಟೆ ರಾತ್ರೀಲಿ ಬದು ಮೇಲೆ ಬಂದ್ರು, ಕಾಲು ತಗುಲ್ತು, ಅಲ್ಲೇ ಹೋದ್ರು. ಬೆಳಿಗ್ಗೆ ನೋಡಿದೋರು ಹೇಳೋದು, ಅವರ ಟಾರ್ಚು ಹುಲ್ಲಲ್ಲಿ ಬಿದ್ದು ಇನ್ನೂ ಉರೀತಿತ್ತಂತೆ. ಬೇಲಿ ಹಾಕಿದೋರು ಎದೆ ಎದೆ ಬಡ್ಕೊಂಡು, "ನಾನ್ ಹಂದಿಗ್ ಕಟ್ಟಿದ್ದು ಕಣ್ರಪ್ಪೋ" ಅಂತ ಅತ್ರು. ಆ ಅಳು ನಿಜ. ಸತ್ತೋರ ಮೇಲೆ ಅವರಿಗೆ ಯಾವ ದ್ವೇಷಾನೂ ಇರ್ಲಿಲ್ಲ.

ಆದ್ರೆ ಊರಲ್ಲಿ ಯಾರೂ ಅಲ್ಲಿಗೆ ಬಿಡ್ಲಿಲ್ಲ. ಆ ಬದು ಮೇಲೆ ಜನ ಓಡಾಡ್ತಾರೆ ಅಂತ ಅವರಿಗೆ ಗೊತ್ತಿತ್ತಾ? ಗೊತ್ತಿತ್ತು. ಅಕ್ಕಪಕ್ಕದೋರಿಗೆ ಹೇಳಿದ್ರಾ? ಇಲ್ಲ. ಹಂದಿ ಓಡಿಸೋಕೆ ಬೇರೆ ದಾರಿ ಇರ್ಲಿಲ್ವಾ? ಇತ್ತು, ಸ್ವಲ್ಪ ಖರ್ಚು, ರಾತ್ರಿ ಕಾವಲು. ಪೊಲೀಸರೂ ಕೇಸು ಹಾಕಿದ್ರು. ಕಾನೂನಲ್ಲೂ ಕೊಲ್ಲೋ ಉದ್ದೇಶ ಇರೋದು ಬೇರೆ, ಇದರಿಂದ ಸಾವಾಗಬಹುದು ಅಂತ ಗೊತ್ತಿದ್ದೂ ಮಾಡೋದು ಬೇರೆ, ಗಮನ ಕೊಡದೆ ಮಾಡೋದು ಬೇರೆ, ಮೂರಕ್ಕೂ ಬೇರೆ ಬೇರೆ ತೂಕ. ಯಾವ್ದೂ ಸೊನ್ನೆ ಅಲ್ಲ.

ಯುದ್ಧದಲ್ಲಿ 'ಉದ್ದೇಶ ಇರ್ಲಿಲ್ಲ' ಅಂತ ವಕ್ತಾರರು ಹೇಳಿದಾಗೆಲ್ಲ ನನಗೆ ಆ ಬೇಲಿ ನೆನಪಾಗುತ್ತೆ. ಅವರು ಹೇಳ್ತಿರೋದು ನಿಜಾನೇ ಇರಬಹುದು. ಅದು 'ಕೊಲ್ಲೋಕೆ ಅಂತ ಮಾಡಿದ್ರಾ' ಅನ್ನೋ ಮೊದಲನೇ ಪ್ರಶ್ನೆಗೆ ಮಾತ್ರ ಉತ್ತರ. ಉಳಿದ ಮೂರು ಪ್ರಶ್ನೆ ಹಾಗೇ ನಿಂತಿರುತ್ತೆ.

ಕೆಆರ್‌ಎಸ್ ಗೇಟು ಮತ್ತು ಎರಡು ಪರಿಣಾಮದ ವಾದ

ಒಂದು ಕೆಲಸಕ್ಕೆ ಒಂದು ಒಳ್ಳೇ ಪರಿಣಾಮ, ಒಂದು ಕೆಟ್ಟ ಪರಿಣಾಮ ಎರಡೂ ಇದ್ದು, ಕೆಟ್ಟದ್ದು ಆಗುತ್ತೆ ಅಂತ ಮೊದಲೇ ಗೊತ್ತಿದ್ರೆ ಆ ಕೆಲಸ ಮಾಡಬಹುದಾ? 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಅನ್ನೋ ಕ್ರೈಸ್ತ ಪಂಡಿತ, ಪ್ರಾಣ ಉಳಿಸ್ಕೊಳ್ಳೋಕೆ ಹೋಗಿ ಎದುರಿನೋನು ಸತ್ರೆ ಅದು ಪಾಪಾನಾ ಅಂತ ಚರ್ಚೆ ಮಾಡ್ತಾ ಇದಕ್ಕೆ ಬೀಜ ಹಾಕಿದ. ಇವತ್ತಿಗೂ ಯುದ್ಧದ ನೀತಿ ಬಗ್ಗೆ ಮಾತಾಡೋರು ಇದನ್ನ ಬಿಟ್ಟು ಮುಂದೆ ಹೋಗಲ್ಲ.

ಇದನ್ನ ನಮ್ಮೂರಿಗೆ ತರೋಣ. ಮಳೆಗಾಲದಲ್ಲಿ ಕೆಆರ್‌ಎಸ್ 124.80 ಅಡಿ ಮುಟ್ಟೋ ಹಂತಕ್ಕೆ ಬಂತು, ಕೊಡಗಲ್ಲಿ ಮಳೆ ನಿಂತಿಲ್ಲ. ಗೇಟ್ ಎತ್ತಲಿಲ್ಲ ಅಂದ್ರೆ ಅಣೆಕಟ್ಟೆಗೇ ಅಪಾಯ. ಎತ್ತಿದ್ರೆ ಕೆಳಗೆ ಶ್ರೀರಂಗಪಟ್ಟಣದ ಕಡೆ ಹೊಳೆ ದಡದ ಗದ್ದೆ ಮುಳುಗುತ್ತೆ ಅಂತ ಗೊತ್ತಿದೆ. ಎಂಜಿನಿಯರ್ ಎತ್ತಬಹುದಾ? ಎತ್ತಬಹುದು ಅಂತೀವಿ ಎಲ್ಲರೂ. ಆದ್ರೆ ಷರತ್ತು ಹಾಕ್ತೀವಿ. ಮೊದಲನೇದು, ಗದ್ದೆ ಮುಳುಗಿಸೋದು ಅವರ ಉದ್ದೇಶ ಆಗಿರಬಾರದು. ಎರಡನೇದು, ಗದ್ದೆ ಮುಳುಗಿಸಿಯೇ ಅಣೆಕಟ್ಟೆ ಉಳಿಸೋದು ಅಂತಾಗಿರಬಾರದು, ಅಂದ್ರೆ ಆ ಹಾನಿ ದಾರೀಲಿ ಆಗಿದ್ದಾಗಿರ್ಬೇಕು, ಅದೇ ಸಾಧನ ಆಗಿರಬಾರದು. ಮೂರನೇದು, ಉಳಿಸೋದಕ್ಕಿಂತ ಕಳೆಯೋದು ಹೆಚ್ಚಾಗಬಾರದು.

ಇಷ್ಟೇ ಸಾಕಾ? ಸಾಲ್ದು ಅಂದಿದ್ದು ಅಮೆರಿಕದ ಮೈಕೆಲ್ ವಾಲ್ಜರ್ ಅನ್ನೋ ಚಿಂತಕ, 1977ರಲ್ಲಿ. ಕೆಟ್ಟದ್ದು ನನ್ನ ಉದ್ದೇಶ ಅಲ್ಲ ಅಂದ್ರೆ ಆಗ್ಲಿಲ್ಲ, ಅದು ಕಮ್ಮಿ ಆಗ್ಲಿ ಅಂತ ನೀನು ಮೈ ಮುರಿದು ಕೆಲಸ ಮಾಡಿರ್ಬೇಕು, ಅದಕ್ಕಾಗಿ ಸೈನಿಕ ತಾನು ಸ್ವಲ್ಪ ಅಪಾಯ ಹೊರೋಕೂ ತಯಾರಿರ್ಬೇಕು ಅನ್ನೋದು ಅವರ ವಾದ. ನಮ್ಮಲ್ಲಿ ನೀರು ಬಿಡೋ ಮುಂಚೆ ಹೊಳೆ ದಡದ ಊರಿಗೆಲ್ಲ ಎಚ್ಚರಿಕೆ ಕೊಡ್ತಾರಲ್ಲ, ರಂಗನತಿಟ್ಟಲ್ಲಿ ಬೋಟಿಂಗ್ ನಿಲ್ಲಿಸ್ತಾರಲ್ಲ, ಅದೇ ಇದು. ಅದ್ಯಾವ್ದೂ ಮಾಡದೆ ಸರಿರಾತ್ರೀಲಿ ಗೇಟ್ ಎತ್ತಿ, ಬಟ್ಟೆ ಒಗೆಯೋಕೆ ಹೊಳೆಗೆ ಇಳಿದೋರು ಕೊಚ್ಚಿ ಹೋದ್ರೆ, 'ಅಣೆಕಟ್ಟೆ ಉಳಿಸೋಕೆ ಮಾಡಿದ್ದು' ಅನ್ನೋ ಮಾತನ್ನ ಯಾರಾದ್ರೂ ಕೇಳ್ತಾರಾ?

ಅಣೆಕಟ್ಟೆ ವಿಷಯ ಬಂದಿದ್ದಕ್ಕೆ ಹೇಳ್ಬೇಕು. 1943ರ ಮೇ ತಿಂಗಳಲ್ಲಿ ಬ್ರಿಟಿಷ್ ವಿಮಾನಗಳು ಜರ್ಮನಿಯ ಮೋನೆ ಅಣೆಕಟ್ಟೆ ಒಡೆದವು. ಗುರಿ ಇದ್ದಿದ್ದು ರೂರ್ ಕಣಿವೆಯ ಯುದ್ಧದ ಕಾರ್ಖಾನೆಗಳು. ಕೆಳಗೆ ನೀರಲ್ಲಿ ಸತ್ತೋರು ಸಾವಿರಕ್ಕೂ ಹೆಚ್ಚು, ಅವರಲ್ಲಿ ನೂರಾರು ಜನ ಜರ್ಮನ್ನರೇ ಅಲ್ಲ, ಬೇರೆ ದೇಶದಿಂದ ಹಿಡ್ಕೊಂಡು ಬಂದು ಬಲವಂತಕ್ಕೆ ದುಡಿಸ್ತಿದ್ದೋರು. ಇಂಥದ್ದನ್ನೆಲ್ಲ ಕಂಡ ಮೇಲೆ ಯುದ್ಧದ ನಿಯಮಗಳ ಬಗ್ಗೆ ದೇಶಗಳು ಮಾಡ್ಕೊಂಡ 1977ರ ಜಿನೀವಾ ಪ್ರೋಟೋಕಾಲ್ ಅನ್ನೋ ಒಪ್ಪಂದದಲ್ಲಿ ಒಂದು ನಿಯಮ ಸೇರಿಸಿದ್ರು, ಅಣೆಕಟ್ಟೆ ಒಡೆದು ಜನಕ್ಕೆ ಭಾರೀ ಸಾವು ನೋವು ಆಗೋ ಹಾಗಿದ್ರೆ ಅದು ಮಿಲಿಟರಿ ಗುರಿ ಆಗಿದ್ರೂ ಹೊಡೀಬಾರದು ಅಂತ.

ಇನ್ನು ಹಿರೋಶಿಮಾ. 1945ರ ಆಗಸ್ಟ್ 6ರ ಬಾಂಬಿಂದ ಆ ವರ್ಷದ ಕೊನೆ ಹೊತ್ತಿಗೆ ಸುಮಾರು 1,40,000 ಜನ ಸತ್ರು ಅನ್ನೋ ಅಂದಾಜಿದೆ. ಸಮರ್ಥನೆ ಏನು ಅಂದ್ರೆ, ಯುದ್ಧ ಬೇಗ ಮುಗೀತು, ಮುಂದೆ ಸಾಯ್ತಿದ್ದ ಲಕ್ಷಾಂತರ ಜನ ಉಳಿದ್ರು ಅಂತ. ಈ ಮಾತು ನಿಜಾನಾ ಅಂತ ಇತಿಹಾಸಕಾರರು ಇನ್ನೂ ಜಗಳ ಆಡ್ತಿದ್ದಾರೆ, ಅದು ಬಿಡಿ. ನಿಜಾನೇ ಅಂತ ಇಟ್ಕೊಂಡ್ರೂ ಎರಡನೇ ಷರತ್ತು ಅಡ್ಡ ಬರುತ್ತೆ. ಊರಿಗೆ ಊರೇ ಸುಟ್ಟು, ಆ ಹೆದರಿಕೆಯಿಂದ ಸರ್ಕಾರ ಶರಣಾಗ್ಲಿ ಅನ್ನೋದು ಲೆಕ್ಕ ಆದ್ರೆ, ಅಲ್ಲಿ ಜನರ ಸಾವು ದಾರೀಲಿ ಆಗಿದ್ದಲ್ಲ, ಅದೇ ಸಾಧನ. ಯುದ್ಧ ಮುಗಿದ ಮೇಲೆ ಜಪಾನಿನ ನಾಯಕರ ಮೇಲೆ ನಡೆದ ಟೋಕಿಯೋ ವಿಚಾರಣೇಲಿ ಜಡ್ಜ್ ಆಗಿದ್ದ ನಮ್ಮ ರಾಧಾಬಿನೋದ್ ಪಾಲ್ 1948ರ ತಮ್ಮ ಭಿನ್ನ ತೀರ್ಪಲ್ಲಿ, ಅಣುಬಾಂಬ್ ಹಾಕೋ ತೀರ್ಮಾನವನ್ನೂ ಇದೇ ತಕ್ಕಡೀಲಿ ಇಟ್ಟು ನೋಡಬೇಕಾಗುತ್ತೆ ಅನ್ನೋ ಅರ್ಥ ಬರೋ ಹಾಗೆ ಬರೆದ್ರು. ಗೆದ್ದೋರ ಮೇಲೆ ಕೇಸು ನಡೀಲಿಲ್ಲ.

ಕಾನೂನು ಏನು ಹೇಳುತ್ತೆ?

1949ರಲ್ಲಿ ನಾಲ್ಕು ಜಿನೀವಾ ಒಪ್ಪಂದ ಆಯ್ತು, ನಾಲ್ಕನೇದು ಪೂರ್ತಿ ಸಿವಿಲಿಯನ್‌ಗಳ ಬಗ್ಗೆ. ಭಾರತ ಇದನ್ನ ಒಪ್ಪಿದೆ, 1960ರಲ್ಲಿ ಇಲ್ಲೇ ಕಾಯ್ದೆಯೂ ಮಾಡಿದೆ. ಮೇಲೆ ಹೇಳಿದ 1977ರ ಪ್ರೋಟೋಕಾಲ್‌ಗೆ ಭಾರತ, ಅಮೆರಿಕ, ಇಸ್ರೇಲ್ ಸೇರಿಲ್ಲ. ಆದ್ರೂ ಅದರೊಳಗಿನ ಮುಖ್ಯ ನಿಯಮಗಳು ಈಗ ರೂಢಿಯ ಕಾನೂನು, ಅಂದ್ರೆ ಸಹಿ ಹಾಕದೋರಿಗೂ ಅನ್ವಯ ಆಗುತ್ತೆ ಅಂತ ಬಹುತೇಕ ಎಲ್ಲರೂ ಒಪ್ತಾರೆ. ಆ ನಿಯಮ ಇಷ್ಟು: ಸೈನಿಕ ಯಾರು ಜನ ಯಾರು ಅಂತ ಬೇರೆ ಮಾಡಿ ನೋಡು, ಜನಕ್ಕೆ ಆಗೋ ಹಾನಿ ಮಿಲಿಟರಿ ಲಾಭಕ್ಕೆ ಹೋಲಿಸಿದ್ರೆ ಅತಿಯಾಗಬಾರದು, ಹೊಡೆಯೋ ಮುಂಚೆ ಎಚ್ಚರಿಕೆ ತಗೋ.

ಎರಡನೇದನ್ನ ತುಂಬಾ ಜನ ತಪ್ಪು ತಿಳ್ಕೊಂಡಿದ್ದಾರೆ. 'ಅವರು ನಮ್ಮೋರು ಇಷ್ಟು ಜನ ಕೊಂದ್ರು, ನಾವು ಅಷ್ಟೇ ಕೊಂದ್ರೆ ಸರಿ' ಅಂತಲ್ಲ ಅದು. ಎರಡೂ ಕಡೆ ಹೆಣ ಎಣಿಸಿ ಸಮ ಮಾಡೋ ಲೆಕ್ಕಾನೇ ಅಲ್ಲ. ಒಂದೊಂದು ದಾಳಿಗೂ ಪ್ರತ್ಯೇಕವಾಗಿ, ಅದು ನಡೆಯೋಕೆ ಮುಂಚೆ ಕೇಳ್ಬೇಕಾದ ಪ್ರಶ್ನೆ. ಮೈಸೂರಲ್ಲೇ ಕಲ್ಪಿಸ್ಕೊಳ್ಳಿ, ದೇವರಾಜ ಮಾರ್ಕೆಟ್ ಹಿಂದಿನ ಗಲ್ಲೀಲಿ ಶತ್ರುಗಳು ಒಂದು ಕ್ಷಿಪಣಿ ಲಾಂಚರ್ ತಂದಿಟ್ಟಿದ್ದಾರೆ. ಅದು ಮಿಲಿಟರಿ ಗುರಿ, ಹೊಡೀಬಹುದು. ಆದ್ರೆ ಯಾವಾಗ? ಸಂಜೆ ಆರಕ್ಕೆ ಅಲ್ಲಿ ಹೂ ಮಾರೋರು, ಬಾಳೆಹಣ್ಣಿನ ಅಂಗಡಿಯೋರು, ಹಬ್ಬಕ್ಕೆ ಸಾಮಾನು ತಗೊಳ್ಳೋಕೆ ಬಂದ ಹೆಂಗಸರು ಮಕ್ಕಳು ಕಾಲಿಡೋಕೆ ಜಾಗ ಇಲ್ಲದಂಗೆ ತುಂಬಿರ್ತಾರೆ. ರಾತ್ರಿ ಎರಡಕ್ಕೆ ನಾಯಿ ಬಿಟ್ರೆ ಯಾರೂ ಇಲ್ಲ. ದೊಡ್ಡ ಬಾಂಬಾ, ಚಿಕ್ಕದಾ? ಅಲ್ಲಿರೋದು ಲಾಂಚರ್ ಅಲ್ಲ, ಸ್ಕೂಟರಲ್ಲಿ ಸಂದೇಶ ತರೋ ಒಬ್ಬ ಸೈನಿಕ ಅಷ್ಟೇ ಆದ್ರೆ? ಅವನೊಬ್ಬನಿಗೋಸ್ಕರ ಮಾರ್ಕೆಟ್ ಮೇಲೆ ಬಾಂಬ್ ಹಾಕಿದ್ರೆ ಅದು ಯುದ್ಧಾಪರಾಧ ಆಗಬಹುದು, ಅವನು ನಿಜವಾಗ್ಲೂ ಸೈನಿಕನೇ ಆಗಿದ್ರೂ.

'ಅತಿ' ಅಂದ್ರೆ ಎಷ್ಟು ಅಂತ ಯಾವ ಕಾನೂನಲ್ಲೂ ನಂಬರ್ ಇಲ್ಲ. ಈ ಕಾನೂನಿನ ಅತಿ ದೊಡ್ಡ ದುರ್ಬಲ ಜಾಗ ಇದೇ ಅಂತ ನನ್ನ ಅನಿಸಿಕೆ. ತೂಗೋನು ಹೊಡೆಯೋನೇ ಆಗಿರ್ತಾನೆ.

ಆರ್ಡರ್ ಕೊಟ್ಟೋನು, ಗುಂಡು ಹೊಡೆದೋನು

'ಮೇಲಿನೋರು ಹೇಳಿದ್ರು, ಮಾಡ್ದೆ' ಅನ್ನೋದು ಒಪ್ಪೋ ಮಾತಾ? ಎರಡನೇ ಮಹಾಯುದ್ಧ ಆದ್ಮೇಲೆ ಜರ್ಮನಿಯ ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೇಲಿ ಇದಕ್ಕೆ ಉತ್ತರ ಖಚಿತ ಆಯ್ತು, ಆರ್ಡರ್ ಇತ್ತು ಅನ್ನೋದು ಶಿಕ್ಷೆ ಕಮ್ಮಿ ಮಾಡಬಹುದು, ಹೊಣೆ ತೆಗೆಯಲ್ಲ. ಅದೇ ಹೊತ್ತಲ್ಲಿ ತಿರುಗಾ ಪ್ರಶ್ನೇನೂ ಬಂತು. ಮನಿಲಾದಲ್ಲಿ 1945ರಲ್ಲಿ ಜಪಾನಿ ಸೈನಿಕರು ಸಾವಿರಾರು ಜನರನ್ನ ಕೊಂದಿದ್ದಕ್ಕೆ ಜನರಲ್ ಯಮಾಶಿತಾನನ್ನ 1946ರ ಫೆಬ್ರವರೀಲಿ ಗಲ್ಲಿಗೇರಿಸಿದ್ರು. ಕೊಲ್ಲಿ ಅಂತ ಅವನು ಹೇಳಿದ್ದಕ್ಕೆ ಸಾಕ್ಷಿ ಬೇಕಾಗ್ಲಿಲ್ಲ, ತನ್ನ ಸೈನ್ಯವನ್ನ ಹಿಡಿತದಲ್ಲಿ ಇಟ್ಕೊಳ್ಳಲಿಲ್ಲ ಅನ್ನೋದೇ ಅಪರಾಧ ಆಯ್ತು. ಅವನಿಗೆ ಗೊತ್ತೇ ಇರ್ಲಿಲ್ಲ ಅಂದ್ರೂ ನೇಣು ಹಾಕಬಹುದಾ ಅಂತ ಆಗ್ಲೇ ತಕರಾರು ಎದ್ದಿತ್ತು. ಈಗಿನ ನಿಯಮ ಸ್ವಲ್ಪ ಬಿಗಿ, ಕಮಾಂಡರ್‌ಗೆ ಗೊತ್ತಿರ್ಬೇಕು ಇಲ್ಲಾ ಗೊತ್ತಾಗಲೇಬೇಕಾದ ಸ್ಥಿತಿ ಇರ್ಬೇಕು, ಆದ್ರೂ ತಡೀದೆ ಇರ್ಬೇಕು, ಇಲ್ಲಾ ಮಾಡಿದೋರನ್ನ ಶಿಕ್ಷಿಸದೆ ಬಿಟ್ಟಿರ್ಬೇಕು.

ನಮ್ಮ ಶ್ರೀರಂಗಪಟ್ಟಣದಲ್ಲೂ ಇದರ ಒಂದು ಪಾಠ ಇದೆ. 1799ರ ಮೇ 4ಕ್ಕೆ ಕೋಟೆ ಬಿದ್ದ ರಾತ್ರಿ ಇಂಗ್ಲಿಷ್ ಸೈನಿಕರು ಊರಿನ ಮನೆ ಮನೆಗೆ ನುಗ್ಗಿ ಲೂಟಿ ಮಾಡಿದ್ರು. ಮಾರನೇ ದಿನ ಅಧಿಕಾರ ವಹಿಸ್ಕೊಂಡ ಆರ್ಥರ್ ವೆಲ್ಲೆಸ್ಲಿ ಕೆಲವರನ್ನ ನೇಣಿಗೆ ಹಾಕಿಸಿ, ಚಾವಟಿ ಹೊಡೆಸಿ ಅದನ್ನ ನಿಲ್ಲಿಸಿದ. ಅಂದ್ರೆ ತಡೆಯೋದು ಸಾಧ್ಯ ಇತ್ತು, ಒಂದು ರಾತ್ರಿ ಮುಂಚೆ ಯಾರೂ ಮನಸ್ಸು ಮಾಡ್ಲಿಲ್ಲ. ಆಮೇಲೆ ಟಿಪ್ಪುವಿನ ಖಜಾನೆಯನ್ನ ಸೈನ್ಯದೋರೇ ಕಮಿಟಿ ಮಾಡಿ ಜನರಲ್‌ನಿಂದ ಸಿಪಾಯಿವರೆಗೂ ಹಂಚ್ಕೊಂಡ್ರು, ಅವತ್ತಿನ ನಿಯಮದ ಪ್ರಕಾರ ಅದು ತಪ್ಪಲ್ಲ. ನಿಯಮ ಒಪ್ಪಿದ್ದೆಲ್ಲ ನೀತಿ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನು ಕೆಳಗಿನ ಸೈನಿಕ. 1968ರ ಮಾರ್ಚ್ 16, ವಿಯೆಟ್ನಾಮಿನ ಮೈ ಲಾಯ್ ಹಳ್ಳಿ. ಅಮೆರಿಕದ ಸೈನಿಕರು ಮುದುಕರು, ಹೆಂಗಸರು, ಹಸುಗೂಸು ಅಂತ ನೋಡದೆ ಕೊಂದ್ರು. ಅಮೆರಿಕದ ಲೆಕ್ಕ 347, ವಿಯೆಟ್ನಾಮಿನ ಲೆಕ್ಕ 504. ಲೆಫ್ಟಿನೆಂಟ್ ವಿಲಿಯಂ ಕ್ಯಾಲಿ, 'ನನಗೆ ಬಂದ ಆರ್ಡರ್ ಮಾಡಿದ್ದೀನಿ' ಅಂದ. ಅಷ್ಟೂ ಜನರಲ್ಲಿ ಶಿಕ್ಷೆ ಅಂತ ಆಗಿದ್ದು ಅವನೊಬ್ಬನಿಗೆ, ಜೀವಾವಧಿ ಅಂತ ಹೇಳಿ ಸುಮಾರು ಮೂರೂವರೆ ವರ್ಷಕ್ಕೆ, ಅದೂ ಬಹುಪಾಲು ಗೃಹಬಂಧನದಲ್ಲೇ ಮುಗೀತು. ಅದೇ ಊರ ಮೇಲೆ ಅವತ್ತು ಹ್ಯೂ ಥಾಂಪ್ಸನ್ ಅನ್ನೋ ಹೆಲಿಕಾಪ್ಟರ್ ಪೈಲಟ್ ಹಾರ್ತಿದ್ದ. ಕೆಳಗೆ ಆಗ್ತಿರೋದು ಕಂಡು, ಓಡ್ತಿದ್ದ ಊರಿನೋರು ಮತ್ತೆ ತನ್ನದೇ ಸೈನಿಕರ ಮಧ್ಯೆ ಹೆಲಿಕಾಪ್ಟರ್ ಇಳಿಸಿದ. ನಮ್ಮೋರು ಇವರ ಮೇಲೆ ಗುಂಡು ಹೊಡೆದ್ರೆ ನೀವು ನಮ್ಮೋರ ಮೇಲೇ ಹೊಡೀರಿ ಅಂತ ತನ್ನ ಜೊತೆಯ ಇಬ್ಬರಿಗೆ ಹೇಳಿ, ಬಂಕರಲ್ಲಿ ಅಡಗಿದ್ದೋರನ್ನ ಕರೆದು ಸಾಗಿಸಿದ. ಅವನಿಗೆ ಅದಕ್ಕೆ ಪದಕ ಬಂದಿದ್ದು 1998ರಲ್ಲಿ, 30 ವರ್ಷ ಆದ್ಮೇಲೆ. ಬೇರೆ ದಾರಿ ಇರ್ಲಿಲ್ಲ ಅನ್ನೋ ಮಾತಿಗೆ ಆ ಹೆಲಿಕಾಪ್ಟರ್ ಇಳಿದ ಜಾಗಾನೇ ಉತ್ತರ.

ಜನರ ಹಿಂದೆ ಬಚ್ಚಿಟ್ಕೊಂಡ್ರೆ?

ಈಗಿನ ಯುದ್ಧಗಳಲ್ಲಿ ಅತಿ ಹೆಚ್ಚು ಕೇಳೋ ವಾದ ಇದು. ಒಂದು ಕಡೆಯೋರು ಸ್ಕೂಲು, ಆಸ್ಪತ್ರೆ, ಮನೆಗಳ ಮಧ್ಯೆ ಆಯುಧ ಇಡ್ತಾರೆ, ಇನ್ನೊಂದು ಕಡೆಯೋರು ಹೊಡೀತಾರೆ, ಮಕ್ಕಳು ಸಾಯ್ತಾರೆ. ಹೊಣೆ ಯಾರು? ಜನರನ್ನ ಗುರಾಣಿ ಮಾಡ್ಕೊಳ್ಳೋದು ಯುದ್ಧಾಪರಾಧ, ಇದರಲ್ಲಿ ಎರಡು ಮಾತಿಲ್ಲ. ಆದ್ರೆ ಅದೇ ನಿಯಮದ ಮುಂದಿನ ಸಾಲಲ್ಲಿ ಇನ್ನೊಂದು ಮಾತಿದೆ, ಎದುರಿನೋನು ನಿಯಮ ಮುರಿದ ಅಂತ ಹೊಡೆಯೋನ ಕರ್ತವ್ಯ ತಪ್ಪಲ್ಲ.

ಇಲ್ಲಿ ಎಲ್ಲರೂ ಎಡವೋದು ಯಾಕೆ ಅಂದ್ರೆ, ಹೊಣೆಯನ್ನ ನಾವು ಅಣ್ಣತಮ್ಮಂದಿರು ಹೊಲ ಭಾಗ ಮಾಡ್ಕೊಂಡಂಗೆ ಅನ್ಕೊತೀವಿ. ಇರೋದು ಒಂದೇ ಎಕರೆ, ಅವನಿಗೆ ಮುಕ್ಕಾಲು ಹೋದ್ರೆ ನನಗೆ ಕಾಲು, ಅವನಿಗೇ ಪೂರ್ತಿ ಹಾಕಿಬಿಟ್ರೆ ನಂದು ಸೊನ್ನೆ. ಹಂಗಲ್ಲ ಅದು. ಸೊಸೈಟಿ ಸಾಲಕ್ಕೆ ಜಾಮೀನು ಹಾಕ್ತೀವಲ್ಲ, ಅದರ ಥರ. ಸಾಲಗಾರ ಕಟ್ಟಲಿಲ್ಲ ಅಂದ್ರೆ ಜಾಮೀನುದಾರ ಪೂರ್ತಿ ದುಡ್ಡಿಗೂ ಹೊಣೆ, ಇಬ್ಬರು ಸಹಿ ಹಾಕಿದ್ರೆ ಇಬ್ಬರೂ ಪೂರ್ತಿಗೆ ಹೊಣೆ. 'ಸಾಲ ತಗೊಂಡೋನು ಅವನು' ಅಂದ್ರೆ ಸೊಸೈಟಿ ಸೆಕ್ರೆಟರಿ ನೋಟಿಸ್ ವಾಪಸ್ ತಗೊಳಲ್ಲ, ಮಂಡ್ಯದಲ್ಲಿ ಇದನ್ನ ಯಾರಿಗೂ ಬಿಡಿಸಿ ಹೇಳ್ಬೇಕಾಗಿಲ್ಲ. ಜನರ ಮಧ್ಯೆ ಆಯುಧ ಇಟ್ಟೋನು ಆ ಮಗುವಿನ ಸಾವಿಗೆ ಹೊಣೆ, ಮಗು ಇದೆ ಅಂತ ಗೊತ್ತಿದ್ದೂ ಎಚ್ಚರಿಕೆ ಇಲ್ಲದೆ ಹೊಡೆದೋನೂ ಹೊಣೆ, ಒಬ್ಬನದು ಭಾರ ಆಯ್ತು ಅಂತ ಇನ್ನೊಬ್ಬನದು ಹಗುರ ಆಗಲ್ಲ. ಅಜ್ಜಿ ಕೇಳಿದ ಪ್ರಶ್ನೆಗೆ ಅವತ್ತು 'ಕೆಣಕಿದೋನು', 'ಹೊಡೆದೋನು' ಅಂದ ಇಬ್ಬರೂ ಸರಿ, ಆದ್ರೆ ಇಬ್ಬರೂ ಮತ್ತೊಬ್ಬನನ್ನ ಬಿಡಿಸೋಕೆ ಆ ಉತ್ತರ ಹೇಳ್ತಿದ್ರು.

ದೂರ ಕೂತ ನಾವು

ಯುದ್ಧಕ್ಕೆ ಸಹಿ ಹಾಕಿದ ಮಂತ್ರಿ, ಆಯುಧ ಮಾರಿದ ದೇಶ, ತೆರಿಗೆ ಕಟ್ಟೋ ಜನ, ಇವರಿಗೆಲ್ಲ? ಬೀಳೋ ಜಾಗ ಗೊತ್ತಿದ್ದೂ ಆಯುಧ ಕೊಡ್ತಿದ್ರೆ ಪಾಲು ಇದೆ ಅನ್ನೋದನ್ನ ಹೆಚ್ಚು ಜನ ಒಪ್ತಾರೆ. ಓಟು ಹಾಕಿದೋರ ವಿಷಯ ಹುಷಾರಾಗಿ ಮಾತಾಡ್ಬೇಕು. ತಮ್ಮ ಹೆಸರಲ್ಲಿ ಏನಾಗ್ತಿದೆ ಅಂತ ಕೇಳೋ ಕರ್ತವ್ಯ ಅವರಿಗಿದೆ, ಅಷ್ಟು ಸರಿ. ಅದನ್ನೇ ಹಿಡ್ಕೊಂಡು 'ಆ ದೇಶದ ಜನಾನೇ ಹಂಗೆ, ಅವರು ಸತ್ರೆ ಏನು' ಅಂದ್ರೆ, ಅದು ಮಾರ್ಕೆಟ್ಟಲ್ಲಿ ಬಾಂಬ್ ಇಡೋನು ಹೇಳೋ ಮಾತೇ ಆಗೋಗುತ್ತೆ. ತೊಟ್ಟಿಲಲ್ಲಿರೋ ಕೂಸು ಯಾರಿಗೂ ಓಟು ಹಾಕಿರಲ್ಲ.

ಸತ್ತ ಮೇಲಿನ ಹೊಣೆ

ಹೊಣೆ ಬಾಂಬ್ ಬಿದ್ದ ಕ್ಷಣಕ್ಕೆ ಮುಗಿಯಲ್ಲ. ಏನಾಯ್ತು ಅಂತ ತನಿಖೆ ಮಾಡೋದು, ನಿಜ ಒಪ್ಪೋದು, ಪರಿಹಾರ ಕೊಡೋದು ಇವೂ ಅದರಲ್ಲೇ ಬರುತ್ತೆ. 2021ರ ಆಗಸ್ಟ್ 29ಕ್ಕೆ ಕಾಬೂಲ್‌ನಲ್ಲಿ ಅಮೆರಿಕದ ಡ್ರೋನ್ ಒಂದು ಬಿಳೀ ಕಾರನ್ನ ಗಂಟೆಗಟ್ಟಲೆ ಹಿಂಬಾಲಿಸಿ ಹೊಡೀತು. ಕಾರಿಗೆ ತುಂಬ್ತಿರೋದು ಸ್ಫೋಟಕ ಅಂತ ಮೇಲಿಂದ ನೋಡ್ತಿದ್ದೋರಿಗೆ ಅನ್ನಿಸಿತ್ತು. ಅವು ನೀರಿನ ಕ್ಯಾನು. ಸತ್ತೋರು 10 ಜನ, ಅದರಲ್ಲಿ 7 ಮಕ್ಕಳು. ಮೊದಲು ದಾಳಿ ಸರಿಯಾಗೇ ಇತ್ತು ಅಂದ್ರು. ಪತ್ರಕರ್ತರು ಒಂದೊಂದೇ ದೃಶ್ಯ ಹುಡುಕಿ ತೆಗೆದ ಮೇಲೆ ಸೆಪ್ಟೆಂಬರ್ 17ಕ್ಕೆ, ತಪ್ಪಾಯ್ತು ಅಂತ ಒಪ್ಕೊಂಡ್ರು. ಯಾರಿಗೂ ಶಿಕ್ಷೆ ಆಗ್ಲಿಲ್ಲ. ತಪ್ಪುಗಳು ಆಗಿದ್ವು, ಆದ್ರೆ ಯಾರೂ ಕಾನೂನು ಮುರಿದಿಲ್ಲ ಅಂತ ಅಮೆರಿಕದ ಸೈನ್ಯದ್ದೇ ತನಿಖೆ ಹೇಳ್ತು, ಎಲ್ಲಾ ಸೇರಿ 10 ಜನ ಸತ್ರು. ನೀತಿಯ ಲೆಕ್ಕದಲ್ಲಿ ಅತಿ ಕಷ್ಟದ ಜಾಗ ಇದು, ಇಲ್ಲಿ ಹೊಣೆ ಹೊರ್ಬೇಕಾದ್ದು ಆ ವ್ಯವಸ್ಥೆ ಕಟ್ಟಿ ನಡೆಸ್ತಿರೋ ಸರ್ಕಾರ ಅಂತ ಹೇಳೋರಿದ್ದಾರೆ, ನನಗೂ ಅದೇ ಸರಿ ಅನ್ಸುತ್ತೆ.

ಒಪ್ಕೊಳ್ಳೋದು ಎಷ್ಟು ಕಷ್ಟ ಅನ್ನೋದಕ್ಕೆ ಅಶೋಕನನ್ನೇ ನೋಡಿ. ಕಳಿಂಗದಲ್ಲಿ 1,00,000 ಜನ ಸತ್ರು, 1,50,000 ಜನರನ್ನ ಹಿಡ್ಕೊಂಡು ಹೋದ್ರು, ಅದಕ್ಕಿಂತ ಎಷ್ಟೋ ಪಟ್ಟು ಜನ ಆಮೇಲೆ ಸತ್ರು ಅಂತ ಅವನೇ ತನ್ನ 13ನೇ ಶಾಸನದಲ್ಲಿ ಕಲ್ಲಿಗೆ ಕೆತ್ತಿಸಿದ, ಅದಕ್ಕೆ ತನಗೆ ದುಃಖ ಆಗಿದೆ ಅಂತಾನೂ ಬರೆಸಿದ. ಗೆದ್ದ ರಾಜ ಹಿಂಗೆ ಲೆಕ್ಕ ಒಪ್ಪಿಸಿದ್ದು ಅಪರೂಪದಲ್ಲಿ ಅಪರೂಪ. ಆದ್ರೆ ಅದೇ ಕಳಿಂಗದ ಧೌಲಿ, ಜೌಗಡದಲ್ಲಿ ಉಳಿದ ಶಾಸನಗಳ ಜೊತೆ ಆ 13ನೇದು ಇಲ್ಲ. ಸತ್ತೋರ ಮನೆಯೋರು ಓದೋ ಜಾಗದಲ್ಲಿ ಅದನ್ನ ಹಾಕಿಸ್ಲಿಲ್ಲ.

ಈಗ ಖಾರ್ಕಿವ್‌ನ ಆ ಹುಡುಗ. ಜನ ತುಂಬಿದ ಊರಿನ ಮೇಲೆ ಶೆಲ್ ಹಾರಿಸಿದ್ರೆ ಸಾಮಾನು ತರೋಕೆ ಹೋದೋರೂ ಸಾಯ್ತಾರೆ ಅನ್ನೋದು ಹಾರಿಸಿದೋನಿಗೂ, ಹಾರಿಸು ಅಂದೋನಿಗೂ, ಇನ್ನೊಂದು ದೇಶದೊಳಗೆ ಸೈನ್ಯ ನುಗ್ಗಿಸಿದೋನಿಗೂ ಗೊತ್ತಿರೋದೇ. ನನಗೆ ಗೊತ್ತಿರೋ ಮಟ್ಟಿಗೆ ಯಾವ ಕೋರ್ಟಲ್ಲೂ ಅವನ ಹೆಸರಲ್ಲಿ ಯಾರಿಗೂ ಶಿಕ್ಷೆ ಆಗಿಲ್ಲ. ಮಾರ್ಚ್ 21ಕ್ಕೆ ಅವನ ದೇಹ ಬೆಂಗಳೂರಿಗೆ ಬಂತು, ಅಲ್ಲಿಂದ ಊರಿಗೆ. ಪೂಜೆ ಮುಗಿಸಿ, ಡಾಕ್ಟರ್ ಆಗ್ಬೇಕು ಅಂತ ಹೋಗಿದ್ದ ಮಗನ ದೇಹವನ್ನ ಅಪ್ಪ ಅಮ್ಮ ದಾವಣಗೆರೆಯ ಮೆಡಿಕಲ್ ಕಾಲೇಜಿಗೆ, ಓದೋ ಮಕ್ಕಳಿಗೆ ಅನುಕೂಲ ಆಗ್ಲಿ ಅಂತ ಕೊಟ್ರು.